ಹೆಸರಿಟ್ಟು ಹೇಳಬೇಕಾದ ಪಾಪ

ದೇಶ ದೇವರನ್ನು ಮರೆತಿದೆ, ಅದಕ್ಕೇ ಈ ಕೇಡು ಬಂದಿದೆ, ಜನ ತಮ್ಮನ್ನು ತಗ್ಗಿಸಿಕೊಂಡು ದೇವರ ಕಡೆಗೆ ತಿರುಗಿದರೆ ನಾಡು ಮತ್ತೆ ಚೇತರಿಸಿಕೊಳ್ಳುತ್ತದೆ ಎಂಬ ಮಾತು ಕ್ರೈಸ್ತ ಜಗತ್ತಿನಲ್ಲಿ ಎಲ್ಲ ಕಾಲಕ್ಕೂ ಕೇಳಿಬಂದಿದೆ. ಇದಕ್ಕೆ ಆಧಾರವಾಗಿ ಎರಡನೆಯ ಪೂರ್ವಕಾಲವೃತ್ತಾಂತದ 7ನೇ ಅಧ್ಯಾಯವನ್ನು ತೋರಿಸುವುದು ವಾಡಿಕೆ. ಸೊಲೊಮೋನನು ಕಟ್ಟಿಸಿದ ದೇವಾಲಯದ ಪ್ರತಿಷ್ಠೆಯ ಹೊತ್ತಿನಲ್ಲಿ ದೇವರು ಇಸ್ರಾಯೇಲಿಗೆ ಕೊಟ್ಟ ವಾಗ್ದಾನ ಅಲ್ಲಿದೆ. ಆ ವಾಗ್ದಾನವನ್ನು ನಾನು ಪ್ರಶ್ನಿಸುತ್ತಿಲ್ಲ. ಅದನ್ನು ಬೇರೆ ಬೇರೆ ದೇಶಗಳು ತಮಗೆ ಅನ್ವಯಿಸಿಕೊಂಡ ಬಗೆಯನ್ನು ಪ್ರಶ್ನಿಸುತ್ತಿದ್ದೇನೆ. ರಾಷ್ಟ್ರವೊಂದು ಪಶ್ಚಾತ್ತಾಪಪಟ್ಟಿತು ಎಂದು ಯಾವ ಗುರುತಿನಿಂದ ಹೇಳಬೇಕು? ದೇವಾಲಯಗಳು ತುಂಬಿದವು ಎಂಬುದು ಸಾಕೇ? ಉಪವಾಸದ ದಿನವೊಂದನ್ನು ಸಾರಿದ್ದು ಸಾಕೇ? ಸಾಲದು ಎಂಬುದು ನನ್ನ ವಾದ. ಯಾರಿಗೆ ಯಾವ ಅನ್ಯಾಯ ಮಾಡಿದೆವು ಎಂದು ಹೆಸರಿಟ್ಟು ಹೇಳುವವರೆಗೆ ಪಶ್ಚಾತ್ತಾಪ ಆರಂಭವೇ ಆಗಿರುವುದಿಲ್ಲ. ಹಾಗೆ ಹೇಳದೆ ನಂಬಿಕೆಗೆ ಮರಳಿದ ದೇಶ ಮುಂಚಿಗಿಂತ ಅಪಾಯಕಾರಿಯೂ ಆಗಬಲ್ಲದು. ಈ ಮಾತನ್ನು ಇಪ್ಪತ್ತನೆಯ ಶತಮಾನದ ಜರ್ಮನಿಯಷ್ಟು ಸ್ಪಷ್ಟವಾಗಿ ತೋರಿಸುವ ಇನ್ನೊಂದು ದೇಶವನ್ನು ನಾನು ಕಾಣೆ.

ಮೊದಲು 1933ನ್ನು ನೋಡೋಣ. ಮೊದಲ ಮಹಾಯುದ್ಧದ ಸೋಲಿನ ನಂತರದ ವರ್ಷಗಳಲ್ಲಿ ಜರ್ಮನಿಯ ಪ್ರಾಟೆಸ್ಟೆಂಟ್ ಸಭೆಗಳನ್ನು ಬಿಟ್ಟುಹೋದವರು ಬಹಳ. ಹಿಟ್ಲರ್ ಅಧಿಕಾರಕ್ಕೆ ಬಂದ ವರ್ಷ ಈ ಪ್ರವಾಹ ದಿಢೀರನೆ ಹಿಮ್ಮುಖವಾಯಿತು. ಬಿಟ್ಟವರು ಮರಳಿ ಹೆಸರು ಬರೆಸಿದರು, ಸಮವಸ್ತ್ರ ತೊಟ್ಟ ಪಕ್ಷದ ಪಡೆಗಳು ಭಾನುವಾರದ ಆರಾಧನೆಗೆ ಸಾಲುಗಟ್ಟಿ ಬಂದವು, ಸಾಮೂಹಿಕ ಮದುವೆಗಳೂ ದೀಕ್ಷಾಸ್ನಾನಗಳೂ ನಡೆದವು. ದೇಶ ಕೊನೆಗೂ ನಂಬಿಕೆಗೆ ಮರಳಿತೆಂದು ಅನೇಕ ಸಭಾಪಾಲಕರು ಪ್ರಾಮಾಣಿಕವಾಗಿಯೇ ಸಂತೋಷಪಟ್ಟರು. ಮಾರ್ಚ್ 21ರಂದು ಪೋಟ್ಸ್‌ಡಾಮ್‌ನಲ್ಲಿ ಹೊಸ ಸಂಸತ್ತಿನ ಉದ್ಘಾಟನೆಗೆ ಮುನ್ನ ಸಂತ ನಿಕೋಲಾಸ್ ದೇವಾಲಯದಲ್ಲಿ ಪ್ರಸಂಗ ಮಾಡಿದವರು ಪ್ರಾಟೆಸ್ಟೆಂಟ್ ಸಭೆಯ ಹಿರಿಯ ನಾಯಕ ಓಟ್ಟೊ ಡಿಬೇಲಿಯುಸ್. ಕೆಲವೇ ದಿನಗಳಲ್ಲಿ, ಏಪ್ರಿಲ್ 1ರಂದು, ಯೆಹೂದ್ಯರ ಅಂಗಡಿಗಳ ಬಹಿಷ್ಕಾರ ನಡೆದಾಗ ಅಮೆರಿಕದ ಕೇಳುಗರಿಗೆ ರೇಡಿಯೋದಲ್ಲಿ ಅದನ್ನು ಸಮರ್ಥಿಸಿದವರೂ ಅವರೇ. ಜುಲೈ 23ರ ಸಭಾ ಚುನಾವಣೆಯಲ್ಲಿ ಹಿಟ್ಲರನ ಬೆಂಬಲ ಪಡೆದ 'ಜರ್ಮನ್ ಕ್ರೈಸ್ತರು' ಎಂಬ ಗುಂಪು ಸುಮಾರು ಮೂರನೇ ಎರಡರಷ್ಟು ಸ್ಥಾನ ಗೆದ್ದಿತು. ಸೆಪ್ಟೆಂಬರಿನಲ್ಲಿ ಪ್ರಷ್ಯದ ಸಿನೊಡ್, ಅಂದರೆ ಸಭೆಯ ಪ್ರತಿನಿಧಿ ಮಂಡಲ, ಯೆಹೂದ್ಯ ಮೂಲದವರನ್ನು ಸಭಾಸೇವೆಯಿಂದ ಹೊರಗಿಡುವ ನಿಯಮವನ್ನು ಅಂಗೀಕರಿಸಿತು. ನವೆಂಬರಿನಲ್ಲಿ ಬರ್ಲಿನ್ನಿನ ಕ್ರೀಡಾಮಂದಿರದಲ್ಲಿ ಸುಮಾರು 20,000 ಮಂದಿಯ ಮುಂದೆ, ಹಳೆಯ ಒಡಂಬಡಿಕೆಯನ್ನೇ ಕೈಬಿಡಬೇಕೆಂಬ ಬೇಡಿಕೆ ಎದ್ದಿತು. ದೇವಾಲಯಕ್ಕೆ ಮರಳಿದ ಜನ ಆ ದೇವಾಲಯದ ಗ್ರಂಥದ ಬಹುಪಾಲನ್ನೇ ಹೊರಗೆ ಹಾಕಲು ಹೊರಟಿದ್ದರು.

ಈ ಕತೆಯನ್ನು ಇನ್ನೂ ಮುಂದಕ್ಕೆ ಒಯ್ಯಬೇಕು. 1939ರ ಮೇ ತಿಂಗಳ ಜನಗಣತಿಯಲ್ಲಿ, ಅಂದರೆ ಯುದ್ಧಕ್ಕೆ ಮೂರೂವರೆ ತಿಂಗಳ ಮುಂಚೆ, ಜರ್ಮನಿಯ ನೂರರಲ್ಲಿ 90ಕ್ಕೂ ಹೆಚ್ಚು ಮಂದಿ ತಾವು ಪ್ರಾಟೆಸ್ಟೆಂಟರು ಅಥವಾ ಕ್ಯಾಥೊಲಿಕರು ಎಂದೇ ಬರೆಸಿದ್ದರು. ಪಕ್ಷ ಪ್ರಚಾರ ಮಾಡಿದ, ಯಾವ ಸಭೆಗೂ ಸೇರದ 'ದೇವವಿಶ್ವಾಸಿ' ಎಂಬ ಹೊಸ ವರ್ಗಕ್ಕೆ ಹೋದವರು ನೂರಕ್ಕೆ ಮೂರು ನಾಲ್ಕು ಮಂದಿ ಮಾತ್ರ. ರೈಲುಗಳನ್ನು ಓಡಿಸಿದವರು, ಕಡತಗಳಿಗೆ ಸಹಿ ಹಾಕಿದವರು, ನೆರೆಮನೆಯ ಯೆಹೂದ್ಯರ ಪೀಠೋಪಕರಣಗಳನ್ನು ಹರಾಜಿನಲ್ಲಿ ಕೊಂಡವರು ಬಹುಪಾಲು ದೀಕ್ಷಾಸ್ನಾನ ಪಡೆದ ಕ್ರೈಸ್ತರು. ಯುದ್ಧ ಮುಗಿದ ಮೇಲೆ, ಜನ ದೇವರನ್ನು ಬಿಟ್ಟದ್ದರಿಂದಲೇ ನಾತ್ಸಿವಾದ ಹುಟ್ಟಿತೆಂದೂ ದೇಶವನ್ನು ಮತ್ತೆ ಕ್ರೈಸ್ತೀಕರಿಸುವುದೇ ಅದಕ್ಕೆ ಮದ್ದೆಂದೂ ಸಭೆಯ ಹಿರಿಯರು ಹೇಳತೊಡಗಿದಾಗ, ಅಂಕಿಗಳು ಅವರ ಬಾಯಿ ಕಟ್ಟಬೇಕಿತ್ತು. ಆ ವಿವರಣೆಯಲ್ಲಿ ತಪ್ಪಿತಸ್ಥರೆಲ್ಲ ಸಭೆಯ ಹೊರಗಿನವರು. ಒಳಗಿದ್ದವರು ಪಶ್ಚಾತ್ತಾಪವನ್ನು ಬೋಧಿಸಲು ಯೋಗ್ಯರಾಗಿಯೇ ಉಳಿದುಬಿಡುತ್ತಾರೆ.

ಇನ್ನೊಂದು ಸಂಗತಿ ನನ್ನ ವಾದದ ನಡುಮಧ್ಯದಲ್ಲಿದೆ. ಜರ್ಮನಿಯ ಪ್ರಾಟೆಸ್ಟೆಂಟರಿಗೆ ಪಶ್ಚಾತ್ತಾಪಕ್ಕೆಂದೇ ಮೀಸಲಾದ ದಿನವೊಂದು ಪಂಚಾಂಗದಲ್ಲೇ ಇದೆ. ಸಭಾವರ್ಷದ ಕೊನೆಯ ಭಾನುವಾರಕ್ಕೆ ಮುಂಚಿನ ಬುಧವಾರ ಅದು ಬರುತ್ತದೆ. ಇಡೀ ಸಮುದಾಯ ತನ್ನ ಪಾಪವನ್ನು ದೇವರ ಮುಂದೆ ಅರಿಕೆ ಮಾಡಿಕೊಳ್ಳುವ ದಿನ. 1938ರಲ್ಲಿ ಆ ದಿನ ನವೆಂಬರ್ 16ಕ್ಕೆ ಬಿತ್ತು. ಅದಕ್ಕೆ ಒಂದು ವಾರ ಹಿಂದೆ, 9 ಮತ್ತು 10ರ ನಡುವಿನ ರಾತ್ರಿ, ದೇಶದ ಉದ್ದಗಲಕ್ಕೂ ಯೆಹೂದ್ಯರ ಪ್ರಾರ್ಥನಾಮಂದಿರಗಳು ಉರಿದಿದ್ದವು, ಅಂಗಡಿಗಳು ಪುಡಿಯಾಗಿದ್ದವು, ಸಾವಿರಾರು ಗಂಡಸರನ್ನು ಯಾತನಾಶಿಬಿರಗಳಿಗೆ ಅಟ್ಟಲಾಗಿತ್ತು. ಬೂದಿ ಇನ್ನೂ ಬೀದಿಯಲ್ಲಿದ್ದಾಗಲೇ ದೇಶದಾದ್ಯಂತ ಗಂಟೆ ಬಾರಿಸಿತು, ಜನ ದೇವಾಲಯಗಳಿಗೆ ಹೋದರು, ಮಂಡಿಯೂರಿ ಪಾಪವನ್ನು ಅರಿಕೆ ಮಾಡಿಕೊಂಡರು. ಬಹುತೇಕ ಪ್ರಸಂಗಪೀಠಗಳಲ್ಲಿ ಆ ರಾತ್ರಿಯ ಮಾತೇ ಬರಲಿಲ್ಲ. ಬರ್ಲಿನ್ನಿನ ಡಾಲೆಮ್‌ನಲ್ಲಿ ಹೆಲ್ಮುಟ್ ಗೊಲ್ವಿಟ್ಸರ್, ವ್ಯುರ್ಟೆಂಬರ್ಗಿನ ಓಬರ್‌ಲೆನ್ನಿಂಗೆನ್ ಎಂಬ ಹಳ್ಳಿಯಲ್ಲಿ ಯೂಲಿಯುಸ್ ಫಾನ್ ಯಾನ್, ಇಂಥ ಕೆಲವೇ ಮಂದಿ ಬಾಯಿ ಬಿಟ್ಟರು. ಫಾನ್ ಯಾನ್ ಪ್ರವಾದಿ ಯೆರೆಮೀಯನ ಮಾತನ್ನು ಆಧಾರವಾಗಿಟ್ಟುಕೊಂಡು, ದೇವರ ಆಜ್ಞೆಗಳನ್ನು ತುಳಿದು ಅನ್ಯರ ಪ್ರಾರ್ಥನಾಲಯಗಳನ್ನು ಸುಟ್ಟ ಪಾಪವನ್ನು ನೇರವಾಗಿ ಎತ್ತಿ ಹೇಳಿದರು. ಕೆಲವೇ ದಿನಗಳಲ್ಲಿ ಗುಂಪೊಂದು ಬಂದು ಅವರನ್ನು ಹೊಡೆದು ಬಡಿಯಿತು; ಮುಂದೆ ಸೆರೆಮನೆ, ಪ್ರಾಂತದಿಂದ ಗಡೀಪಾರು. ಅವರ ಸಭೆಯ ಆಡಳಿತವೂ ಅವರ ಬೆನ್ನಿಗೆ ಗಟ್ಟಿಯಾಗಿ ನಿಲ್ಲಲಿಲ್ಲ. ಅದೇ ದಿನ, ಅದೇ ಪೂಜಾಕ್ರಮ, ಅದೇ ಅರಿಕೆಯ ಪ್ರಾರ್ಥನೆ. ಸಾವಿರಾರು ಕಡೆ ಯಾರಿಗೂ ಏನೂ ಆಗಲಿಲ್ಲ. ಪಾಪದ ಹೆಸರು ಹೇಳಿದ ಕಡೆ ಮಾತ್ರ ರಕ್ತ ಬಂತು. ಹೆಸರಿಲ್ಲದ ಪಾಪಕ್ಕೆ ಪಶ್ಚಾತ್ತಾಪಪಡುವುದನ್ನು ನಾತ್ಸಿ ಸರ್ಕಾರವೂ ಆಕ್ಷೇಪಿಸಲಿಲ್ಲ ಎಂಬುದಕ್ಕಿಂತ ದೊಡ್ಡ ಸಾಕ್ಷ್ಯ ನನಗೆ ಬೇಕಿಲ್ಲ.

ಈಗ 1945ರ ಅಕ್ಟೋಬರಿಗೆ ಬರೋಣ. ಬಾಂಬುಗಳಿಗೆ ಹಾಳಾದ ಸ್ಟುಟ್‌ಗಾರ್ಟ್ ನಗರದಲ್ಲಿ ಜರ್ಮನಿಯ ಪ್ರಾಟೆಸ್ಟೆಂಟ್ ಸಭೆಯ ಹೊಸ ಆಡಳಿತ ಮಂಡಳಿ ಸೇರಿತ್ತು. ಅದನ್ನು ಕಾಣಲು ಹೊರದೇಶಗಳ ಸಭೆಗಳ ನಿಯೋಗವೊಂದು ಬಂದಿತು. ಡಚ್ ದೇವತಾಶಾಸ್ತ್ರಜ್ಞ ವಿಸರ್ಟ್ ಹೂಫ್ಟ್, ಇಂಗ್ಲೆಂಡಿನ ಚಿಚೆಸ್ಟರ್ ಬಿಷಪ್ ಜಾರ್ಜ್ ಬೆಲ್, ಫ್ರಾನ್ಸಿನ ಪಿಯೆರ್ ಮೊರಿ ಮುಂತಾದವರು ಅದರಲ್ಲಿದ್ದರು. ನಮಗೆ ಹತ್ತಿರದ ಒಬ್ಬರೂ ಅಲ್ಲಿದ್ದರು: ಅಂದಿನ ಬಾಸೆಲ್ ಮಿಶನ್ನಿನ ಅಧ್ಯಕ್ಷ ಆಲ್ಫೋನ್ಸ್ ಕ್ಯೋಕ್ಲಿನ್. 1834ರಲ್ಲಿ ಮಂಗಳೂರಿಗೆ ಬಂದು ಕರಾವಳಿಗೂ ಧಾರವಾಡದ ಸೀಮೆಗೂ ಶಾಲೆ, ಮುದ್ರಣಾಲಯ, ಹೆಂಚಿನ ಕಾರ್ಖಾನೆಗಳನ್ನು ತಂದ ಆ ಮಿಶನ್ನಿಗೆ ಸ್ಟುಟ್‌ಗಾರ್ಟಿನ ವ್ಯುರ್ಟೆಂಬರ್ಗ್ ಸೀಮೆ ತವರಿದ್ದಂತೆ. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು ಹೊರತಂದ ಹೆರ್ಮನ್ ಮೋಗ್ಲಿಂಗ್ ಆ ಸೀಮೆಯವರೇ. ನಮಗೆ ಸುವಾರ್ತೆಯನ್ನೂ ಅಚ್ಚುಮೊಳೆಯನ್ನೂ ಕಳಿಸಿದ ಸಭೆಯೇ ಆ ದಿನ ತಪ್ಪಿತಸ್ಥನ ಸ್ಥಾನದಲ್ಲಿ ನಿಂತಿತ್ತು. ಇದನ್ನು ನಾವು ದೂರದ ಯೂರೋಪಿನ ಸುದ್ದಿಯಾಗಿ ಮಾತ್ರ ಓದಬಾರದೆಂದು ಈ ನಂಟನ್ನು ನೆನೆದೆ.

ಅಕ್ಟೋಬರ್ 19ರಂದು ಹನ್ನೊಂದು ಮಂದಿ ಸಹಿ ಮಾಡಿದ ಒಂದು ಚಿಕ್ಕ ಹೇಳಿಕೆಯನ್ನು ನಿಯೋಗಕ್ಕೆ ಒಪ್ಪಿಸಲಾಯಿತು. ತಮ್ಮ ಮೂಲಕ ಅನೇಕ ದೇಶಗಳಿಗೂ ಜನಾಂಗಗಳಿಗೂ ಕೊನೆಯಿಲ್ಲದ ಸಂಕಟ ಬಂದಿತೆಂದು ಅದು ಒಪ್ಪಿಕೊಂಡಿತು. ಈ ವಾಕ್ಯ ಸೇರಬೇಕೆಂದು ಹಟ ಹಿಡಿದವರು ಸಾಕ್ಸೆನ್‌ಹೌಸೆನ್ ಮತ್ತು ಡಾಕೌ ಶಿಬಿರಗಳಲ್ಲಿ ವರ್ಷಗಟ್ಟಲೆ ಬಂಧಿಯಾಗಿದ್ದ ಸಭಾಪಾಲಕ ಮಾರ್ಟಿನ್ ನೀಮೋಲ್ಲರ್. ಇನ್ನಷ್ಟು ಧೈರ್ಯದಿಂದ ಸಾಕ್ಷಿ ಹೇಳಲಿಲ್ಲ, ಇನ್ನಷ್ಟು ನಿಷ್ಠೆಯಿಂದ ಪ್ರಾರ್ಥಿಸಲಿಲ್ಲ, ಇನ್ನಷ್ಟು ಗಾಢವಾಗಿ ಪ್ರೀತಿಸಲಿಲ್ಲ ಎಂದು ಅವರು ತಮ್ಮನ್ನೇ ದೂಷಿಸಿಕೊಂಡರು. ಆ 'ಇನ್ನಷ್ಟು'ಗಳು ಸಾಕಷ್ಟು ಟೀಕೆಗೆ ಒಳಗಾಗಿವೆ, ಆ ಟೀಕೆ ಸರಿಯಾದದ್ದೇ. ಧೈರ್ಯ ಇದ್ದೇ ಇತ್ತು, ಕೊಂಚ ಕಡಿಮೆಬಿತ್ತು ಎಂಬ ಧ್ವನಿ ಅಲ್ಲಿದೆ. ಅದಕ್ಕಿಂತ ದೊಡ್ಡ ಕೊರತೆಯೆಂದರೆ, ಇಡೀ ಹೇಳಿಕೆಯಲ್ಲಿ ಯೆಹೂದ್ಯರ ಹೆಸರೇ ಇಲ್ಲ. ಸಾಲ ಕೊಟ್ಟವನ ಹೆಸರನ್ನು ಬಿಟ್ಟು ಬರೆದ ಸಾಲಪತ್ರ ಅದು. 1945ರ ಏಪ್ರಿಲ್ 9ರಂದು ಫ್ಲೋಸೆನ್‌ಬ್ಯುರ್ಗ್ ಶಿಬಿರದಲ್ಲಿ ಗಲ್ಲಿಗೇರಿದ ದೇವತಾಶಾಸ್ತ್ರಜ್ಞ ಡೀಟ್ರಿಕ್ ಬಾನ್‌ಹೋಫರ್, ಯುದ್ಧದ ನಡುವೆಯೇ ಬರೆದಿಟ್ಟ 'ನೀತಿಶಾಸ್ತ್ರ'ದ ಪುಟಗಳಲ್ಲಿ ಸಭೆ ಯಾವ ಯಾವ ಪಾಪಗಳನ್ನು ಒಪ್ಪಿಕೊಳ್ಳಬೇಕೆಂದು ಆಜ್ಞೆಯೊಂದೊಂದನ್ನೂ ಹಿಡಿದು ಎಣಿಸಿದ್ದರು. ಕ್ರಿಸ್ತನ ಅತಿ ದುರ್ಬಲ, ಅಸಹಾಯಕ ಸಹೋದರರ ಪ್ರಾಣಕ್ಕೆ ಸಭೆ ಹೊಣೆ ಎಂಬ ಮಾತು ಅಲ್ಲಿ ಬರುತ್ತದೆ. ಬದುಕುಳಿದವರು ಒಟ್ಟಾಗಿ ಹೇಳಲಾಗದ್ದನ್ನು ಸತ್ತವನು ಐದು ವರ್ಷ ಮೊದಲೇ ಬರೆದಿದ್ದ.

ಆದರೂ ಸ್ಟುಟ್‌ಗಾರ್ಟಿನ ಹೇಳಿಕೆಯನ್ನು ನಾನು ಹಗುರವಾಗಿ ಕಾಣಲಾರೆ. ಅಷ್ಟಕ್ಕೇ ದೇಶದಲ್ಲಿ ಎದ್ದ ಕೋಪವನ್ನು ನೋಡಿದರೆ ಅದರ ಬೆಲೆ ತಿಳಿಯುತ್ತದೆ. ಪತ್ರಿಕೆಗಳಲ್ಲಿ ಸುದ್ದಿ ಬಂದದ್ದೇ ತಡ, ಸಭಾಪಾಲಕರಿಗೂ ಬಿಷಪ್ಪರಿಗೂ ಪ್ರತಿಭಟನೆಯ ಪತ್ರಗಳು ಹರಿದುಬಂದವು. ಅವುಗಳಲ್ಲಿದ್ದ ಆಕ್ಷೇಪ ಪೊಳ್ಳಾದದ್ದಲ್ಲ. 1919ರ ವೆರ್ಸೇಲ್ಸ್ ಒಪ್ಪಂದದ 231ನೇ ಕಲಮು ಯುದ್ಧದ ಹೊಣೆಯನ್ನು ಜರ್ಮನಿಯ ತಲೆಗೆ ಕಟ್ಟಿತ್ತು, ಅದರ ಬಲದ ಮೇಲೆ ಪರಿಹಾರ ವಸೂಲಾಗಿತ್ತು. ಈಗ ಸಭೆಯೇ ಗೆದ್ದವರ ಕೈಗೆ ಅಂಥದೇ ದಾಖಲೆ ಕೊಟ್ಟಿತಲ್ಲ ಎಂದು ಜನ ಕೇಳಿದರು. ಹ್ಯಾಂಬರ್ಗ್, ಡ್ರೆಸ್ಡೆನ್‌ಗಳನ್ನು ಸುಟ್ಟವರ ಪಾಪವೇನಾಯಿತು? ಪೂರ್ವದ ಪ್ರಾಂತಗಳಿಂದ ಹೊರದೂಡಲ್ಪಟ್ಟು ಚಳಿಯಲ್ಲಿ ನಡೆದುಬರುತ್ತಿದ್ದ ಲಕ್ಷಾಂತರ ಮಂದಿಯ ಲೆಕ್ಕ ಯಾರು ಕೊಡುತ್ತಾರೆ? ಈ ಪ್ರಶ್ನೆಗಳಲ್ಲಿ ಹೇಳಿದ ಸಂಕಟಗಳೆಲ್ಲ ನಿಜ. ಆದರೆ ದೇವರ ಮುಂದಿನ ಅರಿಕೆಯಲ್ಲಿ ಎದುರಾಳಿಯ ಲೆಕ್ಕವನ್ನು ಕಳೆದು ಉಳಿಕೆಯನ್ನಷ್ಟೇ ಒಪ್ಪಿಕೊಳ್ಳುವ ಪದ್ಧತಿ ಇಲ್ಲ. ಅವನವನ ಪಾಪ ಅವನವನದು. ಇನ್ನೊಬ್ಬರ ಪಾಪವನ್ನು ಎತ್ತಿ ಹೇಳುವ ಕೆಲಸ ಆ ಇನ್ನೊಬ್ಬರದು. ಜಾರ್ಜ್ ಬೆಲ್ ತಮ್ಮ ಪಾಲನ್ನು ಮಾಡಿದ್ದರು: 1944ರ ಫೆಬ್ರವರಿಯಲ್ಲಿ, ಯುದ್ಧ ನಡೆಯುತ್ತಿರುವಾಗಲೇ, ಲಾರ್ಡ್ಸ್ ಸಭೆಯಲ್ಲಿ ಎದ್ದು ನಿಂತು ಜರ್ಮನ್ ನಗರಗಳ ಮೇಲಿನ ಬಾಂಬ್ ದಾಳಿಯನ್ನು ಖಂಡಿಸಿ ತಮ್ಮ ದೇಶದ ಸಿಟ್ಟಿಗೆ ಗುರಿಯಾಗಿದ್ದರು. ಸ್ಟುಟ್‌ಗಾರ್ಟಿಗೆ ಬಂದು ಕೈಚಾಚುವ ಅರ್ಹತೆ ಅವರಿಗೆ ಅಲ್ಲಿಂದ ಬಂತು.

ಇನ್ನೊಂದು ಆಕ್ಷೇಪ ಇದಕ್ಕಿಂತ ಆಳವಾದದ್ದು. 1940ರ ಮಾರ್ಚಿನಲ್ಲಿ ಲೇಖಕ ಸಿ. ಎಸ್. ಲೂಯಿಸ್ ಇಂಗ್ಲೆಂಡಿನ ಸಭಾಪತ್ರಿಕೆಯೊಂದರಲ್ಲಿ ರಾಷ್ಟ್ರೀಯ ಪಶ್ಚಾತ್ತಾಪದ ಅಪಾಯಗಳ ಬಗ್ಗೆ ಬರೆದರು. ದೇಶದ ಪಾಪಕ್ಕಾಗಿ ಮರುಗುವ ಯುವಕರು ಆ ಪಾಪ ನಡೆದಾಗ ಮಕ್ಕಳಾಗಿದ್ದವರು. ಅವರು 'ನಾವು' ಎಂದಾಗ ನಿಜಕ್ಕೂ ಅರ್ಥವಾಗುವುದು 'ಆ ಹಿರಿಯರು' ಎಂದು. ಹೀಗೆ ಪರದೂಷಣೆಯೇ ಪಶ್ಚಾತ್ತಾಪದ ವೇಷ ತೊಡುತ್ತದೆ ಎಂಬುದು ಅವರ ಎಚ್ಚರಿಕೆ. ಬಹಳ ತೂಕದ ಮಾತಿದು. ಇಂದು ಯಾವ ದೇಶದಲ್ಲೇ ಆಗಲಿ 'ನಮ್ಮ ರಾಷ್ಟ್ರ ಪಶ್ಚಾತ್ತಾಪಪಡಲಿ' ಎಂದು ಕೂಗುವವರ ಪಾಪಪಟ್ಟಿಯನ್ನು ಓದಿ ನೋಡಿ, ಅದರಲ್ಲಿ ಕೂಗುವವರು ಮಾಡಿದ ಪಾಪ ಒಂದಾದರೂ ಇರುವುದು ಅಪರೂಪ. ಆದರೆ ಲೂಯಿಸರ ಒರೆಗಲ್ಲಿಗೆ ಸ್ಟುಟ್‌ಗಾರ್ಟನ್ನು ತಿಕ್ಕಿದರೆ ಅದು ನಿಲ್ಲುತ್ತದೆ ಎಂದೇ ನನ್ನ ತೀರ್ಮಾನ. ಸಹಿ ಮಾಡಿದವರಲ್ಲಿ ಪೋಟ್ಸ್‌ಡಾಮಿನಲ್ಲಿ ಪ್ರಸಂಗ ಮಾಡಿದ ಅದೇ ಡಿಬೇಲಿಯುಸ್ ಇದ್ದರು. ನೀಮೋಲ್ಲರ್ ಇದ್ದರು, 1933ರಲ್ಲಿ ಅವರು ಹಿಟ್ಲರನ ಪಕ್ಷಕ್ಕೇ ಮತ ಹಾಕಿದ್ದವರು. ಯುದ್ಧದ ನಂತರ ಡಾಕೌಗೆ ಹೋದಾಗ ಅಲ್ಲಿನ ಹೆಣಸುಡುವ ಕಟ್ಟಡದ ಫಲಕದ ಮೇಲೆ ಕಂಡ '1933–1945' ಎಂಬ ವರ್ಷಗಳ ಬಗ್ಗೆ ಅವರು ಊರೂರಿನ ಸಭೆಗಳಲ್ಲಿ ಮಾತಾಡಿದರು: 1937ರಿಂದಾಚೆಗೆ ತಾನು ಸೆರೆಯಲ್ಲಿದ್ದೆ ಎಂದು ಹೇಳಬಹುದು, 1933ರಿಂದ 37ರವರೆಗೆ ಎಲ್ಲಿದ್ದೆ ಎಂದು ದೇವರು ಕೇಳಿದರೆ ಉತ್ತರವಿಲ್ಲ. 1946ರ ಜನವರಿಯಲ್ಲಿ ಎರ್ಲಾಂಗೆನ್ನಿನಲ್ಲಿ ಇಂಥ ಮಾತಿಗೆ ವಿದ್ಯಾರ್ಥಿಗಳು ನೆಲಕ್ಕೆ ಕಾಲು ಬಡಿದು ಗದ್ದಲವೆಬ್ಬಿಸಿದರು. ಯಾರಿಗೆ ಅತ್ಯಂತ ಗಟ್ಟಿ ನೆಪವಿತ್ತೋ ಅವರೇ ಮೊದಲು ನೆಪವನ್ನು ಬಿಟ್ಟುಕೊಟ್ಟರು.

ಹಾಗಾದರೆ ಅಪರಾಧ ನಡೆದ ಮೇಲೆ ಹುಟ್ಟಿದವರ ಗತಿ? ಅದೇ ಚಳಿಗಾಲದಲ್ಲಿ ಹೈಡೆಲ್‌ಬರ್ಗಿನಲ್ಲಿ ತತ್ತ್ವಜ್ಞಾನಿ ಕಾರ್ಲ್ ಯಾಸ್ಪರ್ಸ್ ನೀಡಿದ ಉಪನ್ಯಾಸಗಳು ಇಲ್ಲಿ ದಾರಿ ತೋರುತ್ತವೆ. ಕಾನೂನಿನ ಅಪರಾಧ, ರಾಜಕೀಯ ಹೊಣೆ, ನೈತಿಕ ತಪ್ಪು, ಇವೆಲ್ಲದರಾಚೆಗೆ ಮನುಷ್ಯನಿಗೆ ಮನುಷ್ಯನ ಮೇಲಿರುವ ಋಣದ ತಪ್ಪು ಎಂದು ಅವರು ನಾಲ್ಕನ್ನು ಬಿಡಿಸಿಟ್ಟರು. ಇಡೀ ಜನಾಂಗವನ್ನು ಅಪರಾಧಿಯೆಂದು ಕರೆಯಲಾಗದು, ಆದರೆ ರಾಜ್ಯದ ಹೆಸರಿನಲ್ಲಿ ನಡೆದದ್ದಕ್ಕೆ ಪ್ರಜೆಗಳೆಲ್ಲ ಬಾಧ್ಯರು. ಸತ್ಯವೇದವೂ ಇದನ್ನು ಬಲ್ಲದು. ಎಳೆಯ ವಯಸ್ಸಿನಲ್ಲೇ ಬಾಬೆಲಿಗೆ ಸೆರೆಯಾಗಿ ಹೋದ ದಾನಿಯೇಲನು ಪಿತೃಗಳ ಪಾಪವನ್ನು ಅರಿಕೆ ಮಾಡುವಾಗ ತನ್ನನ್ನೂ ಸೇರಿಸಿಕೊಂಡೇ ಮಾತಾಡುತ್ತಾನೆ. ಹಿರಿಯರು ಬಿಟ್ಟುಹೋದ ಮನೆಯಲ್ಲಿ ವಾಸಿಸುವವನು ಅವರ ಬಾಕಿಯಿಂದ ನುಣುಚಿಕೊಳ್ಳುವಂತಿಲ್ಲ.

ಬಾಕಿ ತೀರಿಸುವುದು ನಿಧಾನವಾಗಿಯೇ ನಡೆಯಿತು. 1947ರ ಆಗಸ್ಟಿನಲ್ಲಿ ಡಾರ್ಮ್‌ಸ್ಟಾಟಿನಲ್ಲಿ ಸಭೆಯ ಒಂದು ಗುಂಪು, ರಾಷ್ಟ್ರವೈಭವದ ಕನಸಿನ ಜೊತೆ, ಹಳೆಯ ಅಧಿಕಾರಶಾಹಿಯ ಜೊತೆ ಸಭೆ ಕೈಜೋಡಿಸಿದ್ದನ್ನೂ ಬಡವರ ಹಕ್ಕಿನ ವಿಷಯದಲ್ಲಿ ಅದು ಕುರುಡಾಗಿದ್ದನ್ನೂ ಬಿಚ್ಚಿ ಹೇಳಿತು. ಅಲ್ಲೂ ಯೆಹೂದ್ಯರ ಹೆಸರು ಬರಲಿಲ್ಲ. ಬಂದದ್ದು 1950ರ ಏಪ್ರಿಲಿನಲ್ಲಿ, ಬರ್ಲಿನ್-ವೈಸೆನ್ಸೇ ಸಿನೊಡಿನಲ್ಲಿ: ಮಾಡದೆ ಬಿಟ್ಟದ್ದರಿಂದಲೂ ಮೌನದಿಂದಲೂ ಯೆಹೂದ್ಯರ ಮೇಲಿನ ಘೋರ ಕೃತ್ಯದಲ್ಲಿ ನಾವೂ ತಪ್ಪಿತಸ್ಥರೆಂದು ಸಭೆ ಕೊನೆಗೂ ಹೇಳಿತು. ಮಾತು ಕೈಗೆ ಇಳಿದದ್ದು 1958ರಲ್ಲಿ. ಲೋಥಾರ್ ಕ್ರೈಸಿಗ್ ಎಂಬ ನ್ಯಾಯಾಧೀಶರು 1940ರಲ್ಲಿ, ಮನೋರೋಗಿಗಳನ್ನು ಗುಟ್ಟಾಗಿ ಕೊಲ್ಲುತ್ತಿದ್ದುದನ್ನು ಎದುರಿಸಿ ನ್ಯಾಯಮಂತ್ರಿಗೆ ಬರೆದು ಹುದ್ದೆ ಕಳೆದುಕೊಂಡವರು. ಅವರ ಕರೆಯಿಂದ ಹುಟ್ಟಿದ ಪ್ರಾಯಶ್ಚಿತ್ತ ಸೇವಾಸಂಘ, ಜರ್ಮನಿ ಹಿಂಸಿಸಿದ ದೇಶಗಳ ಅನುಮತಿ ಬೇಡಿ ತರುಣರನ್ನು ಅಲ್ಲಿಗೆ ಕಳಿಸಿತು. ನಾರ್ವೆಯಲ್ಲಿ, ಹಾಲೆಂಡಿನಲ್ಲಿ, ಬಾಂಬಿಗೆ ಕುಸಿದ ಕಾವೆಂಟ್ರಿ ದೇವಾಲಯದ ಆವರಣದಲ್ಲಿ, ಮುಂದೆ ಇಸ್ರೇಲಿನಲ್ಲಿ ಅವರು ಕಲ್ಲು ಹೊತ್ತರು, ಗಾರೆ ಕಲಸಿದರು, ಮುದುಕರ ಆರೈಕೆ ಮಾಡಿದರು. ಸುವಾರ್ತೆಯಲ್ಲೂ ಕ್ರಮ ಇದೇ: ಸುಂಕದವ ಜಕ್ಕಾಯನ ಮನೆಗೆ ರಕ್ಷಣೆ ಬಂದಿತೆಂದು ಯೇಸು ಹೇಳಿದ್ದು, ಮೋಸದಿಂದ ಪಡೆದದ್ದನ್ನು ನಾಲ್ಕರಷ್ಟು ಹಿಂದಿರುಗಿಸುತ್ತೇನೆಂದು ಅವನು ಎದ್ದುನಿಂತು ಹೇಳಿದ ನಂತರ.

ಇದೆಲ್ಲ ನೀತಿ, ರಾಜಕೀಯ. ಇದರಲ್ಲಿ ದೇವರೆಲ್ಲಿ, ನಂಬಿಕೆಯೆಲ್ಲಿ ಎಂದು ಭಕ್ತರು ಕೇಳಬಹುದು. ಅಸ್ಸೀರಿಯದ ನಿನೆವೆ ಪಟ್ಟಣದ ಕತೆಯನ್ನೇ ಉತ್ತರವಾಗಿ ಮುಂದಿಡುತ್ತೇನೆ. ಇಡೀ ಪಟ್ಟಣ ಗೋಣಿತಟ್ಟು ಉಟ್ಟಿತು, ಅರಸನು ಸಿಂಹಾಸನದಿಂದಿಳಿದು ಬೂದಿಯಲ್ಲಿ ಕೂತನು. ಆದರೆ ಅವನ ಆಜ್ಞೆಯಲ್ಲಿ ಉಪವಾಸದ ಜೊತೆಗೇ, ಪ್ರತಿಯೊಬ್ಬನೂ ತನ್ನ ಕೈಯಲ್ಲಿನ ಹಿಂಸೆಯನ್ನು ಬಿಡಬೇಕೆಂಬುದಿತ್ತು. ದೇವರು ನೋಡಿದ್ದು ಅವರು ದುರ್ಮಾರ್ಗ ಬಿಟ್ಟದ್ದನ್ನು ಎಂದು ಯೋನನ ಪುಸ್ತಕ ಹೇಳುತ್ತದೆ. ಹಿಂಸೆ ಅಸ್ಸೀರಿಯದ ಕಸುಬಾಗಿತ್ತು; ಅರಸನು ಅದನ್ನೇ ಹೆಸರಿಸಿದನು. ಅಮೆರಿಕದ ಅಧ್ಯಕ್ಷ ಅಬ್ರಹಾಂ ಲಿಂಕನ್ ವಿಷಯದಲ್ಲೂ ಪಾಪವನ್ನು ಹೆಸರಿಸುವತ್ತ ಸಾಗಿದ ಬೆಳವಣಿಗೆಯನ್ನು ಕಾಣಬಹುದು. 1863ರ ಮಾರ್ಚ್ 30ರಂದು ಅವರು ಸಾರಿದ ರಾಷ್ಟ್ರೀಯ ಉಪವಾಸದ ಘೋಷಣೆಯಲ್ಲಿ ದೇಶದ ಅಹಂಕಾರ, ದೇವರ ಮರೆವು ಎಲ್ಲ ಬರುತ್ತವೆ, ಗುಲಾಮಗಿರಿಯ ಹೆಸರು ಬರುವುದಿಲ್ಲ. 1865ರ ಮಾರ್ಚ್ 4ರಂದು ಎರಡನೆಯ ಬಾರಿ ಪ್ರಮಾಣ ಸ್ವೀಕರಿಸುವ ಸಂದರ್ಭದಲ್ಲಿ ಮಾಡಿದ ಭಾಷಣದಲ್ಲಿ ಗುಲಾಮಗಿರಿಯನ್ನು ಹೆಸರಿಟ್ಟು, ಅದು ಉತ್ತರ ದಕ್ಷಿಣಗಳೆರಡಕ್ಕೂ ಸೇರಿದ ಪಾಪವೆಂದರು. ದೇವರ ಬಗ್ಗೆ ಅತ್ಯಂತ ಆಳವಾಗಿ ಮಾತಾಡಿರುವುದು ಆ ಎರಡನೆಯ ಭಾಷಣದಲ್ಲೇ. ಪಾಪ ಸ್ಪಷ್ಟವಾದಷ್ಟೂ ದೇವರು ಮರೆಯಾಗುವುದಿಲ್ಲ, ಹತ್ತಿರವಾಗುತ್ತಾನೆ.

ಕೊನೆಯ ಆಕ್ಷೇಪ ಅಂಕಿಗಳದ್ದು. ಇಷ್ಟೆಲ್ಲ ಅರಿಕೆ ಮಾಡಿಕೊಂಡ ಜರ್ಮನಿ ನಂಬಿಕೆಗೆ ಮರಳಿತೇ? ಯುದ್ಧ ಮುಗಿದಾಗ ತುಂಬಿದ್ದ ದೇವಾಲಯಗಳು ಕೆಲವೇ ವರ್ಷಗಳಲ್ಲಿ ತೆರವಾದವು. ಪಶ್ಚಾತ್ತಾಪದ ಬುಧವಾರದ ಸಾರ್ವಜನಿಕ ರಜೆಯನ್ನೇ 1995ರಲ್ಲಿ, ದೀರ್ಘಕಾಲದ ಆರೈಕೆಯ ವಿಮೆಗೆ ಹಣ ಹೊಂದಿಸಲೆಂದು, ಸ್ಯಾಕ್ಸನಿಯೊಂದನ್ನು ಬಿಟ್ಟು ಎಲ್ಲ ರಾಜ್ಯಗಳಲ್ಲೂ ತೆಗೆದುಹಾಕಲಾಯಿತು. 2022ರ ಹೊತ್ತಿಗೆ ಎರಡು ದೊಡ್ಡ ಸಭೆಗಳ ಸದಸ್ಯರು ಜನಸಂಖ್ಯೆಯ ಅರ್ಧಕ್ಕಿಂತ ಕೆಳಗಿಳಿದರು. ಈ ಇಳಿಕೆ ನನಗೆ ದುಃಖದ ವಿಷಯ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಎಣಿಕೆ ಎಷ್ಟು ಮೋಸಮಾಡಬಲ್ಲದೆಂದು 1933 ಮತ್ತು 1939 ನಮಗೆ ಆಗಲೇ ಹೇಳಿವೆ. ಇನ್ನೊಂದು ಬಗೆಯ ಲೆಕ್ಕವೂ ಇದೆ. 1967ರಲ್ಲಿ, ಸಾವಿಗೆ ಒಂದು ವರ್ಷ ಮುಂಚೆ, ದೇವತಾಶಾಸ್ತ್ರಜ್ಞ ಕಾರ್ಲ್ ಬಾರ್ಟ್ ಒಂದು ಪತ್ರದಲ್ಲಿ ಒಪ್ಪಿಕೊಂಡರು: 'ಜರ್ಮನ್ ಕ್ರೈಸ್ತರ' ಬೋಧನೆಗೆ ಎದುರಾಗಿ ತಾವೇ ಕರಡು ಬರೆದ 1934ರ ಬಾರ್ಮೆನ್ ಘೋಷಣೆಯಲ್ಲಿ ಯೆಹೂದ್ಯರ ಪ್ರಶ್ನೆಯನ್ನು ನಿರ್ಣಾಯಕವಾಗಿ ಎತ್ತದೆ ಹೋದದ್ದು ತಮ್ಮ ತಪ್ಪು ಎಂದು. 1980ರ ಜನವರಿಯಲ್ಲಿ ರೈನ್‌ಲ್ಯಾಂಡ್ ಸಿನೊಡ್, ಸಭೆಯ ಹೊಣೆ ಮತ್ತು ತಪ್ಪನ್ನು ಒಪ್ಪಿಕೊಂಡು, ಇಸ್ರಾಯೇಲಿನೊಂದಿಗಿನ ದೇವರ ಒಡಂಬಡಿಕೆ ರದ್ದಾಗಿಲ್ಲವೆಂದು ನಿರ್ಣಯಿಸಿತು. ಯೆಹೂದ್ಯರ ಸ್ಥಾನವನ್ನು ಸಭೆ ಆಕ್ರಮಿಸಿಕೊಂಡಿದೆ ಎಂಬ ಶತಮಾನಗಳ ಬೋಧನೆಯನ್ನು ಅದು ಕೈಬಿಟ್ಟಿತು. ಬಾನ್ ವಿಶ್ವವಿದ್ಯಾಲಯದ ದೇವತಾಶಾಸ್ತ್ರಜ್ಞರು ಕೆಲವರು ಲಿಖಿತವಾಗಿ ವಿರೋಧಿಸಿದರೂ ನಿರ್ಣಯ ಉಳಿಯಿತು, ಇತರ ಪ್ರಾಂತೀಯ ಸಭೆಗಳೂ ಆ ದಾರಿ ಹಿಡಿದವು. 1933ರ ತುಂಬಿದ ದೇವಾಲಯಗಳು ಹಳೆಯ ಒಡಂಬಡಿಕೆಯನ್ನು ಹೊರಗೆಸೆಯಲು ಹೊರಟಿದ್ದವು. ಅರಿಕೆ ಮಾಡಿಕೊಂಡ ಚಿಕ್ಕ ಸಭೆ, ಮೂವತ್ತೈದು ವರ್ಷಗಳ ನಂತರವಾದರೂ, ಅದೇ ಗ್ರಂಥವನ್ನು ಅದನ್ನು ಮೊದಲು ಪಡೆದ ಜನರ ಜೊತೆ ಕೂತು ಓದಲು ಆರಂಭಿಸಿತ್ತು.